ಸಾತಳ್ಳಿಯ ದೊಡ್ಡ ಸ್ವಾಮಿಯವರು

ಹಾಸನ ಜಿಲ್ಲೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಬೆಳಗೊಳದ ಮಗ್ಗುಲಲ್ಲೇ ಇರುವ ಜಿನನಾಥಪುರಕ್ಕೆ ಹೋಗಿ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ಕಂಡು ಬಂದವರೂ ನಿಮ್ಮಲ್ಲಿ ಇದ್ದೀರಿ. ಆದರೆ ಇದೇ ಜಿಲ್ಲೆಯಲ್ಲಿ, ಹೊಯ್ಸಳರ ಕಲ್ಲಿನ ವೈಭವದಿಂದ ಅಷ್ಟೇನೂ ದೂರವಿಲ್ಲದ ಹೊಲಗಳ ನಡುವೆ, ಇನ್ನೂರು ವರ್ಷಗಳ ಹಿಂದೆ ಬೇರೂರಿದ ಕ್ರೈಸ್ತ ಒಕ್ಕಲು ಮಕ್ಕಳ ಊರುಗಳಿವೆ ಎಂಬುದು ಎಷ್ಟು ಜನರಿಗೆ ಗೊತ್ತು?

ಈ ಕಥೆಯ ಮೊದಲಲ್ಲಿ ಒಬ್ಬ ಫ್ರೆಂಚ್ ಪಾದ್ರಿ ಇದ್ದಾರೆ. ಹೆಸರು ಅಬ್ಬೆ ದುಬ್ವಾ. ನಮ್ಮ ಪುಸ್ತಕಗಳಲ್ಲಿ ದುಬಾಯ್ ಎಂದೂ ಬರೆದಿದ್ದುಂಟು. 1766ರಲ್ಲಿ ಹುಟ್ಟಿದ ಇವರು ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದಾಗ, 1792ರಲ್ಲಿ, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟು ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರು ಸೀಮೆಗೆ ಅವರಿಗೆ ಕರೆ ಬಂತು. ಅವರು ಇಲ್ಲಿನವರಂತೆಯೇ ಬಟ್ಟೆ ತೊಟ್ಟರು, ಮಾಂಸ ಬಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದೇ ಕರೆದರು.

ಚೆದುರಿದ ಜನ ಒಂದು ಕಡೆ ಸೇರಿದರಷ್ಟೇ ಸಾಕೆ? ಅವರಿಗೆ ಊಟ ಬೇಕಲ್ಲ. ದುಬ್ವಾ ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇಲ್ಲಿಯದೇ. ಹಾಸನದ ಸಮೀಪ, ಹಳೆಯ ದಾಖಲೆಗಳಲ್ಲಿ ಸಾತಳ್ಳಿ ಎಂದು ಕಾಣುವ ಊರಿನಲ್ಲಿ, ಇವರನ್ನು ನೆಲಕ್ಕೆ ಹಚ್ಚಿ ಬೇಸಾಯದ ನೆಲೆಗಳನ್ನು ಕಟ್ಟಿಸಿದರು. ಗುಡಿಸಲು, ಹೊಲ, ನಡುವೆ ಒಂದು ಇಗರ್ಜಿ. ಉಪದೇಶಕ್ಕೆ ಮೊದಲು ಉಳುಮೆ ಎಂದರೂ ತಪ್ಪಾಗದು.

ಇನ್ನೊಂದು ಕೆಲಸ ಸಿಡುಬಿನದು. ಆ ಕಾಲದಲ್ಲಿ ಅಮ್ಮ ಬಂದರೆ ಊರಿಗೆ ಊರೇ ಬರಿದಾಗುತ್ತಿತ್ತು. ಗೋವಿನ ಸಿಡುಬಿನ ಲಸಿಕೆ ಮುಂಬಯಿಯನ್ನು ಮುಟ್ಟಿದ್ದು 1802ರಲ್ಲಿ. ಮರುವರ್ಷವೇ ದುಬ್ವಾ ಅದನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ಒಯ್ದರು. 1803–04ರ ಕೆಲವೇ ತಿಂಗಳುಗಳಲ್ಲಿ 25,432 ಜನರಿಗೆ ಲಸಿಕೆ ಹಾಕಲಾಯಿತೆಂದು ಲೆಕ್ಕ ಉಳಿದಿದೆ. ರಸ್ತೆಯಿಲ್ಲದ, ಮಂಜುಗಡ್ಡೆಯಿಲ್ಲದ ಕಾಲ. ಒಬ್ಬರ ತೋಳಿನ ಬೊಕ್ಕೆಯಿಂದ ಇನ್ನೊಬ್ಬರ ತೋಳಿಗೆ ಲಸಿಕೆಯನ್ನು ದಾಟಿಸಬೇಕಿತ್ತು. ಮಡಿ, ಜಾತಿ, ಭಯ ಎಲ್ಲವನ್ನೂ ದಾಟಿಕೊಂಡು ಅಷ್ಟು ಜನ ತೋಳು ಚಾಚಿದರೆಂಬುದನ್ನು ತಾವು ಒಮ್ಮೆ ಯೋಚಿಸಿ ನೋಡಿ.

ದುಬ್ವಾ ಹೆಸರು ಜಗತ್ತಿಗೆ ಗೊತ್ತಾದದ್ದು ಮಾತ್ರ ಬೇರೆ ಕಾರಣಕ್ಕೆ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಎರಡು ಸಾವಿರ ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಅದರ ಬಹುಭಾಗ ಅವರಿಗಿಂತ ಮುಂಚಿನ ಜೆಸ್ವಿಟ್ ಪಾದ್ರಿ ಕೂರ್ದೂ ಬರೆದದ್ದರಿಂದ ಬಂದಿದೆಯೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಆ ಪುಸ್ತಕದ ಕೀರ್ತಿಯನ್ನು ಹಾಗಾಗಿ ಸ್ವಲ್ಪ ತಗ್ಗಿಸಿಯೇ ನೋಡಬೇಕು. ಸಾತಳ್ಳಿಯ ಹೊಲಗಳು ಯಾರದೇ ನಕಲಲ್ಲ.

ವಿಚಿತ್ರವೆಂದರೆ, ತಮ್ಮ ಮತಪ್ರಚಾರ ಸೋತಿತೆಂದು ಅವರೇ ಹೇಳಿಕೊಂಡರು. 1823ರಲ್ಲಿ, ಭಾರತ ಬಿಟ್ಟು ಹೊರಟ ವರ್ಷವೇ, ಪ್ರಕಟವಾದ ಪತ್ರಗಳಲ್ಲಿ ಅವರು ಕೊಡುವ ಲೆಕ್ಕ ಕಟುವಾದದ್ದು: ಅಷ್ಟು ವರ್ಷಗಳಲ್ಲಿ ತಾವು ಹೊಸದಾಗಿ ಮತಕ್ಕೆ ತಂದವರು ಇನ್ನೂರು ಮುನ್ನೂರು ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು, ಭಿಕ್ಷುಕರು. ಉಳಿದವರು ಬೇರೆ ಆಸರೆ ಇಲ್ಲದೆ, ನೆಂಟಸ್ತಿಕೆಗೋ ಲಾಭಕ್ಕೋ ಬಂದವರು. ಇಂಗ್ಲೆಂಡಿನ ಮಿಷನರಿಗಳಿಗೆ ಇದು ಸಿಟ್ಟು ತರಿಸಿತು. ಜೇಮ್ಸ್ ಹೌ ಎಂಬ ಪಾದ್ರಿ 1824ರಲ್ಲಿ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

‘ಗಂಜಿಗಾಗಿ ಮತ ಬಿಟ್ಟವರು’ ಎಂಬ ಮಾತನ್ನು ನೀವೂ ಕೇಳಿರಬಹುದು. ದುಬ್ವಾ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರಲ್ಲ! ಆದರೆ ಹಸಿದವನು ನೆರಳಿರುವ ಕಡೆ ಸರಿಯುವುದು ಸಣ್ಣತನವೆಂದು ನನಗೆ ಅನ್ನಿಸುವುದಿಲ್ಲ. ಲಾಭಕ್ಕೆಂದು ಬಂದವರೇ ಎಲ್ಲರೂ ಆಗಿದ್ದರೆ, ಸ್ವಾಮಿಯವರು ಹಡಗು ಹತ್ತಿದ ಮೇಲೆ ಆ ಊರುಗಳು ಕರಗಿಹೋಗಬೇಕಿತ್ತು. ಕರಗಲಿಲ್ಲ. ಜನ ತಮ್ಮ ಹಳೆಯ ಬದುಕನ್ನೂ ಪೂರ್ತಿ ಬಿಡಲಿಲ್ಲ. ಮೈಸೂರು ಸಂಸ್ಥಾನದ 1891ರ ಜನಗಣತಿ ವರದಿ, ಒಕ್ಕಲಿಗ ಕುಲದಿಂದ ಬಂದ ಕ್ರೈಸ್ತರು ಉಡುಗೆ, ಕುಲಾಚಾರಗಳನ್ನು ಉಳಿಸಿಕೊಂಡಿದ್ದನ್ನು ಅಚ್ಚರಿಯಿಂದಲೇ ದಾಖಲಿಸುತ್ತದೆ. ಶಿಲುಬೆಯ ಜೊತೆಗೆ ಜಾತಿಯೂ ಇಗರ್ಜಿಯ ಒಳಗೆ ಬಂತೆಂಬುದು ಇದರ ಇನ್ನೊಂದು ಮುಖ, ಅದನ್ನು ಮುಚ್ಚಿಡಬೇಕಾಗಿಲ್ಲ.

ನಡುವೆ 1876–78ರ ಮಹಾ ಬರಗಾಲ ಬಂತು. 1871ರಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗೆ ಇಳಿಯಿತು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರು ತಬ್ಬಲಿ ಹೆಣ್ಣುಮಕ್ಕಳಿಗಾಗಿ ಅನಾಥಾಲಯ ನಡೆಸಿದ್ದು ಆ ಸಂಕಟದ ಫಲ.

ಅದಕ್ಕೂ ಮುಂಚೆ, 1860ರ ಸುಮಾರಿಗೆ, ಹೇಮಾವತಿ ದಂಡೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಎತ್ತರದ ಗೋಥಿಕ್ ಕಮಾನುಗಳ ಇಗರ್ಜಿಯೊಂದನ್ನು ಕಟ್ಟಿಸಿದ್ದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಬೆಲ್ಲದ ಗಾರೆ ನಮ್ಮ ಮೇಸ್ತ್ರಿಗಳಿಗೆ ಹೊಸದೇನಲ್ಲ. ಆ ಇಗರ್ಜಿಯನ್ನು ಬರಗಾಲ ಅಲುಗಿಸಲಿಲ್ಲ. ಅದನ್ನು ಖಾಲಿ ಮಾಡಿಸಿದ್ದು ನೀರು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದಾಗ ಹಳ್ಳಿಗಳು ಮುಳುಗಿದವು. ಎಲ್ಲ ಮತದ ರೈತರೂ ಗಂಟುಮೂಟೆ ಕಟ್ಟಿದರು. ನೀರಾವರಿಯ ಪ್ರಯೋಜನ ಕೆಳಗಿನ ಬಯಲಿನ ಲಕ್ಷಾಂತರ ಎಕರೆಗೆ ದಕ್ಕಿತು, ನಿಜ. ಆದರೆ ಶೆಟ್ಟಿಹಳ್ಳಿಯ ಕ್ರೈಸ್ತ ಕುಟುಂಬಗಳು, ತಲೆಮಾರುಗಳಿಂದ ಉತ್ತು ಬಿತ್ತಿದ ಹೊಲ ಬಿಟ್ಟು, ಇನ್ನೊಂದು ಸಲ ಹೊಸ ನೆಲದಲ್ಲಿ ಗುದ್ದಲಿ ಹಿಡಿಯಬೇಕಾಯಿತು.

ಒಳ್ಳೆಯ ಮಳೆಗಾಲದಲ್ಲಿ ನೀವು ಅಲ್ಲಿಗೆ ಹೋದರೆ ನೀರಿನ ಮೇಲೆ ಕಮಾನುಗಳ ಮೇಲ್ಭಾಗ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಾಗಿಲಿನವರೆಗೂ ನಡೆದು ಹೋಗಬಹುದು. ಚಾವಣಿ ಇಲ್ಲ, ನೆಲದ ತುಂಬ ಹೇಮಾವತಿಯ ಮೆಕ್ಕಲು.