ಹೆಸರು ಪಟ್ಟಿಯಲ್ಲಿದೆ, ಮಾತ್ರೆ ಎಲ್ಲಿದೆ?

ಇಯರ್‌ಫೋನ್ ಹಾಕ್ಕೊಂಡು ಕನಕಪುರ ರೋಡಿನ ಟ್ರಾಫಿಕ್ಕಲ್ಲಿ ನಿಂತಿರೋ ಎಲ್ಲರಿಗೂ ಸ್ವಾಗತ. ನಾನೂ ಅದೇ ರೋಡಿನವನು. ಕನಕಪುರದಲ್ಲಿ ಬಸ್ ಹತ್ತಿದರೆ ಬನಶಂಕರಿಯಲ್ಲಿ ಇಳಿಯೋದು, ಅಲ್ಲಿಂದ ಮುಂದೆ ಬೆಂಗಳೂರು. ಚಿಕ್ಕವನಿದ್ದಾಗ ನಮ್ಮೂರ ಬಸ್ ಸ್ಟ್ಯಾಂಡಿಗೆ ಮಂಗಳಮುಖಿಯರು ಬಂದರೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ಕೊಟ್ಟು, ಆಶೀರ್ವಾದಕ್ಕೆ ಅಂತ ನನ್ನ ತಲೆಯನ್ನು ಮುಂದಕ್ಕೆ ತಳ್ಳೋಳು. ಮನೆಗೆ ಬಂದ ಮೇಲೆ "ಅವರ ಸಹವಾಸ ಬೇಡಪ್ಪ" ಅನ್ನೋದೂ ಅವಳೇ.

ಇವತ್ತಿನ ಕಥೆ ಒಂದು ಪ್ರಶ್ನೆಯಿಂದ ಶುರು. ಕನಕಪುರದಲ್ಲಿ ಒಬ್ಬ ಟ್ರಾನ್ಸ್ ಮಹಿಳೆಯನ್ನು ಯಾವುದೋ ಕೇಸಿನಲ್ಲಿ ಪೊಲೀಸರು ಹಿಡಿದರು ಅಂದ್ಕೊಳ್ಳಿ. ಕೋರ್ಟು ನ್ಯಾಯಾಂಗ ಬಂಧನಕ್ಕೆ ಕಳಿಸಿತು. ಸಂಜೆ ಹೊತ್ತಿಗೆ ಅವರು ರಾಮನಗರ ಜೈಲಿನ ಗೇಟಿನ ಮುಂದೆ. ಎರಡು ವರ್ಷದಿಂದ ತಗೊಳ್ತಿರೋ ಹಾರ್ಮೋನ್ ಮಾತ್ರೆ ಬ್ಯಾಗಿನಲ್ಲಿದೆ. ಆ ಬ್ಯಾಗು ಹೊರಗೇ ಉಳಿಯುತ್ತೆ. ಈಗ ಅವರನ್ನು ಗಂಡಸರ ಕಡೆ ಹಾಕಬೇಕಾ, ಹೆಂಗಸರ ಕಡೆಗಾ? ಮೈ ತಪಾಸಣೆ ಯಾರು ಮಾಡಬೇಕು? ನಾಳೆ ಬೆಳಿಗ್ಗೆಯ ಮಾತ್ರೆ ಯಾರು ಕೊಡ್ತಾರೆ?

ಮಾತ್ರೆ ಅಷ್ಟೇ ತಾನೆ, ನಾಲ್ಕು ದಿನ ಬಿಟ್ಟರೆ ಏನಾಗುತ್ತೆ ಅಂತ ಕೇಳೋರಿದ್ದಾರೆ. ನಿರ್ವಾಣ ಅಥವಾ ಆಪರೇಷನ್ ಆದವರ ದೇಹ ಬೇಕಾದಷ್ಟು ಲೈಂಗಿಕ ಹಾರ್ಮೋನನ್ನು ತಾನಾಗಿ ತಯಾರಿಸೋದಿಲ್ಲ. ಮಾತ್ರೆ ನಿಂತರೆ ಮೈ ಬಿಸಿಯೇರುತ್ತೆ, ನಿದ್ದೆ ಕೆಡುತ್ತೆ, ಮನಸ್ಸು ಕುಸಿಯುತ್ತೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತೆ. ಆಪರೇಷನ್ ಆಗದವರಿಗೆ ಬದಲಾದ ದೇಹ ಹಿಂದಕ್ಕೆ ತಿರುಗತೊಡಗುತ್ತೆ. ಒಂಟಿ ಸೆಲ್ಲಿನಲ್ಲಿ ಕೂತು ಅದನ್ನು ನೋಡೋದು ಅಂದ್ರೆ ಏನು ಅಂತ ಒಂದ್ಸಲ ಯೋಚನೆ ಮಾಡಿ.

ಇದಕ್ಕೆ ಕಾನೂನು ಏನು ಹೇಳುತ್ತೆ ಅನ್ನೋದಕ್ಕೆ ಮೊದಲು, ಕಾನೂನು ಈ ಜನರನ್ನು ಮೊದಲ ಸಲ ಯಾಕೆ ಲೆಕ್ಕ ಹಾಕಿತು ಅಂತ ನೋಡೋಣ. 1871. ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕರೆದ ಕಾನೂನು ಅಂತ ಇದು ಕುಖ್ಯಾತ. ಆದರೆ ಇದರ ಎರಡನೇ ಭಾಗ ಪೂರ್ತಿ 'ಯೂನಕ್'ಗಳ ಬಗ್ಗೆ, ಅಂದರೆ ಹಿಜ್ರಾ ಸಮುದಾಯದ ಬಗ್ಗೆ. ಮಕ್ಕಳನ್ನು ಕದಿಯುತ್ತಾರೆ ಅಂತ ಅನುಮಾನ ಇರೋರ ಹೆಸರು, ವಿಳಾಸ, ಆಸ್ತಿ ಎಲ್ಲವನ್ನೂ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿರೋರು ಹೆಣ್ಣಿನ ಉಡುಗೆ ಉಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟ್ ಇಲ್ಲದೆ ಅರೆಸ್ಟ್, ಎರಡು ವರ್ಷದವರೆಗೆ ಜೈಲು. ದತ್ತು ತಗೊಳ್ಳೋ ಹಾಗಿಲ್ಲ, ಉಯಿಲು ಬರೆಯೋ ಹಾಗಿಲ್ಲ. ಸೀರೆ ಉಡೋದೇ ಅಪರಾಧ ಆದಾಗ, ಜೈಲು ಅನ್ನೋದು ಅವರು ಅವರಾಗಿರೋದನ್ನು ನಿಲ್ಲಿಸೋಕೆ ಇರೋ ಜಾಗ. ಚಿಕಿತ್ಸೆಯ ಮಾತೆಲ್ಲಿ ಬಂತು?

ಆ ಕಾನೂನು ಬಂದದ್ದು ಉತ್ತರದ ಪ್ರಾಂತ್ಯಗಳಿಗೆ. ಆದರೆ ಹೈದರಾಬಾದ್ ನಿಜಾಮರ ರಾಜ್ಯದಲ್ಲೂ 1919ರಲ್ಲಿ ಇಂಥದ್ದೇ ಒಂದು ಬಂತು. ಕಲಬುರಗಿ, ಬೀದರ್, ರಾಯಚೂರು ಆಗ ಆ ರಾಜ್ಯದಲ್ಲೇ ಇದ್ದವು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ಹೌದು, ನೂರು ವರ್ಷ ದಾಟಿದ ಮೇಲೆ.

ಈಗ ನಮ್ಮ ಕಡೆಗೆ ಬರೋಣ. ಬ್ರಿಟಿಷರು ಹೋಗಿ ಅರವತ್ತು ವರ್ಷ ಕಳೆದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಹೊಸ ಸೆಕ್ಷನ್ ಸೇರಿಸಿದರು. ಮಕ್ಕಳನ್ನು ಅಪಹರಿಸುವ ಅನುಮಾನ ಇರೋ 'ಯೂನಕ್'ಗಳ ಹೆಸರು, ವಿಳಾಸವನ್ನು ಪೊಲೀಸ್ ಕಮಿಷನರ್ ಪಟ್ಟಿ ಮಾಡಿಡಬಹುದು ಅಂತ. 1871ರ ಸೆಕ್ಷನ್ ಪಕ್ಕದಲ್ಲಿಟ್ಟು ಓದಿ, ಕಾಪಿ ಹೊಡೆದ ಉತ್ತರಪತ್ರಿಕೆ ಥರ ಕಾಣುತ್ತೆ. ಕನಕಪುರ ಕಮಿಷನರೇಟ್ ಅಲ್ಲ, ಹಾಗಾಗಿ ಇಲ್ಲಿ ಪಟ್ಟಿ ಇಲ್ಲ; ಬಸ್ ಹತ್ತಿ ಬನಶಂಕರಿಯಲ್ಲಿ ಇಳಿದರೆ ಪಟ್ಟಿ ಮಾಡಬಹುದಾಗಿದ್ದ ಊರು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2016ರಲ್ಲಿ ಸರ್ಕಾರ ಆ ಪದ ತೆಗೆದು 'ವ್ಯಕ್ತಿಗಳು' ಅಂತ ಹಾಕಿತು, 2017ರಲ್ಲಿ ಕೇಸು ಮುಗಿಯಿತು.

ಬನಶಂಕರಿ ಅಂದಾಗ ನೆನಪಾಯ್ತು. 2008ರ ಅಕ್ಟೋಬರ್ 20ರಂದು ಪಕ್ಕದ ಗಿರಿನಗರದಲ್ಲಿ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದರು. ವಿಚಾರಿಸೋಕೆ ಹೋದ ಕಾರ್ಯಕರ್ತರನ್ನೂ ಹಿಡಿದರು. ಬನಶಂಕರಿ ಠಾಣೆ ಮುಂದೆ ಪ್ರತಿಭಟನೆಗೆ ನಿಂತವರಲ್ಲೂ ಹತ್ತಾರು ಜನ ಒಳಗಾದರು. ಠಾಣೆಗಳಲ್ಲಿ ಈ ಸಮುದಾಯದ ಮೇಲೆ ಆಗೋ ಹಿಂಸೆ ಬಗ್ಗೆ ಪಿಯುಸಿಎಲ್ ಕರ್ನಾಟಕ 2003ರಲ್ಲೇ ವರದಿ ಬರೆದಿತ್ತು. ನಾನು ಆ ಸ್ಟಾಪಲ್ಲಿ ಎಷ್ಟು ಸಲ ಇಳಿದಿದ್ದೀನೋ, ಇದು ಗೊತ್ತಾಗಿದ್ದು ಈ ಎಪಿಸೋಡಿಗೆ ಓದೋಕೆ ಕೂತಾಗ.

ಸರಿ, ಜೈಲು. ನಮ್ಮ ಜೈಲುಗಳ ಅಡಿಪಾಯ 1894ರ ಪ್ರಿಸನ್ಸ್ ಆ್ಯಕ್ಟ್. ಅದಕ್ಕೆ ಗೊತ್ತಿರೋದು ಗಂಡು, ಹೆಣ್ಣು ಎರಡೇ. ಹೆಂಗಸರನ್ನು ಬೇರೆ ಇಡಿ ಅನ್ನುತ್ತೆ, ಅಷ್ಟೇ. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗೋದಿಲ್ಲ ಅಂದಿತು. 2014ರ ಏಪ್ರಿಲ್ 15ಕ್ಕೆ ನಾಲ್ಸಾ ತೀರ್ಪು. ತಮ್ಮ ಲಿಂಗ ಯಾವುದು ಅಂತ ಹೇಳೋ ಹಕ್ಕು ಅವರದ್ದೇ, ಅದಕ್ಕೆ ಆಪರೇಷನ್ ಆಗಿರಲೇಬೇಕು ಅನ್ನೋದು ಕಾನೂನುಬಾಹಿರ ಅಂತ ಕೋರ್ಟು ಹೇಳಿತು. ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡಿ, ಅವರ ಭಯ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಇವನ್ನೂ ಗಂಭೀರವಾಗಿ ನೋಡಿ ಅಂತ ಸರ್ಕಾರಗಳಿಗೆ ಸೂಚಿಸಿತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಸೆಕ್ಷನ್ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಮುಂಚೆ ಮತ್ತು ನಂತರದ ಕೌನ್ಸೆಲಿಂಗ್ ಎಲ್ಲವನ್ನೂ ಹೆಸರಿಟ್ಟು ಹೇಳಿತು. ಆದರೆ 'ಜೈಲು' ಅಂತ ಎಲ್ಲೂ ಬರೆದಿಲ್ಲ.

ಆ ಪದ ಬಂದದ್ದು 2022ರ ಜನವರಿ 10ರಂದು, ಕೇಂದ್ರ ಗೃಹ ಸಚಿವಾಲಯದ ಒಂದು ಪತ್ರದಲ್ಲಿ. ಪತ್ರ ಚೆನ್ನಾಗೇ ಇದೆ. ಬೇರೆ ವಾರ್ಡ್ ಇರಲಿ, ಆದರೆ ಒಂಟಿಯಾಗಿ ಕೂಡಿಹಾಕಿದ ಹಾಗೆ ಆಗದಿರಲಿ. ತಪಾಸಣೆ ಅವರು ಬಯಸೋ ಲಿಂಗದವರಿಂದ ಆಗಲಿ. ಮಾನಸಿಕ ಆರೋಗ್ಯವೂ ಸೇರಿ ಎಲ್ಲ ಚಿಕಿತ್ಸೆ ತಾರತಮ್ಯವಿಲ್ಲದೆ ಸಿಗಲಿ. ಸಮಸ್ಯೆ ಏನು ಅಂದ್ರೆ ಅದು ಸಲಹೆ. ಜೈಲು ರಾಜ್ಯದ ವಿಷಯ, ಸಲಹೆ ಪಾಲಿಸದಿದ್ದರೆ ಶಿಕ್ಷೆ ಇಲ್ಲ.

ಅಮೆರಿಕದಲ್ಲಿ ಏಡ್ರೀ ಎಡ್ಮೋ ಅನ್ನೋ ಕೈದಿ ಐಡಹೋ ರಾಜ್ಯದ ವಿರುದ್ಧ ಕೇಸು ಹಾಕಿ, ಬೇಕಾದ ಶಸ್ತ್ರಚಿಕಿತ್ಸೆ ನಿರಾಕರಿಸೋದು ಕ್ರೂರ ಶಿಕ್ಷೆಗೆ ಸಮ ಅಂತ 2019ರಲ್ಲಿ ತೀರ್ಪು ಪಡೆದರು, 2020ರಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ನಮ್ಮಲ್ಲಿ ವಾದ ನಿಲ್ಲಬೇಕಾದ್ದು ಸಂವಿಧಾನದ 21ನೇ ವಿಧಿ, ಬದುಕುವ ಹಕ್ಕಿನ ಮೇಲೆ.

ನನ್ನ ಪ್ರಕಾರ ಇವೆಲ್ಲಕ್ಕಿಂತ ಗಟ್ಟಿ ಹಿಡಿ ಇರೋದು ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾನೂನಿನಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ. ಅದು ಸಲಹೆ ಅಲ್ಲ. ಲಿಂಗದ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡೋ ಹಾಗಿಲ್ಲ ಅಂತ 18ನೇ ಸೆಕ್ಷನ್. ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಮಂಡಳಿಗೆ ವರದಿ ಕಳಿಸಬೇಕು, ಪ್ರತಿ ರಾಜ್ಯದಲ್ಲಿ ಒಂದಾದರೂ ಜೈಲಿನೊಳಗೆ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕು ಅಂತ 103ನೇ ಸೆಕ್ಷನ್. ಇದು ಯಾಕೆ ಮುಖ್ಯ ಅಂದ್ರೆ, ನಿಮ್ಹಾನ್ಸ್‌ನವರು ಪರಪ್ಪನ ಅಗ್ರಹಾರದಲ್ಲಿ 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತ ಮತ್ತಿತರ ಚಟಗಳನ್ನು ಬಿಟ್ಟು ನೋಡಿದರೂ 27.6% ಜನರಿಗೆ ಮಾನಸಿಕ ಕಾಯಿಲೆ ಇತ್ತು. ಅದರ ಮೇಲೆ ಒಬ್ಬರೇ, ತಪ್ಪು ವಾರ್ಡಿನಲ್ಲಿ, ಮಾತ್ರೆ ಇಲ್ಲದೆ.

ಇನ್ನು ಲೆಕ್ಕ. ಎನ್‌ಸಿಆರ್‌ಬಿ ಜೈಲು ಅಂಕಿಅಂಶದಲ್ಲಿ 2020ರವರೆಗೆ ಟ್ರಾನ್ಸ್‌ಜೆಂಡರ್ ಅನ್ನೋ ಕಾಲಂ ಇರಲಿಲ್ಲ. ದೆಹಲಿ ಹೈಕೋರ್ಟಿಗೆ ಅರ್ಜಿ ಹೋದ ಮೇಲೆ ಬಂತು. ಆ ವರ್ಷದ ಕೊನೆಗೆ ದೇಶದ ಜೈಲುಗಳಲ್ಲಿದ್ದ 4,88,511 ಜನರಲ್ಲಿ 70 ಮಂದಿ. 1871ರಲ್ಲಿ ಹಿಡಿಯೋಕೆ ಲೆಕ್ಕ ಹಾಕಿದರು, ಈಗ ನೋಡ್ಕೊಳ್ಳೋಕೆ ಲೆಕ್ಕ ಹಾಕ್ತೀವಿ ಅಂತಾರೆ. ಆದರೆ ಆ 70 ಜನರಲ್ಲಿ ಎಷ್ಟು ಮಂದಿಗೆ ಮಾತ್ರೆ ಮುಂದುವರೀತು ಅನ್ನೋದಕ್ಕೆ ಕಾಲಂ ಇಲ್ಲ. ಗೇಟಿನಲ್ಲಿ ಹೆದರಿ "ಗಂಡು" ಅಂತಲೇ ಬರೆಸಿದವರು ಆ 70ರಲ್ಲೂ ಇಲ್ಲ.

ನಿಮಗೆ ಗೊತ್ತಿರೋ ಯಾರಾದರೂ ಒಳಗಿದ್ದರೆ, ಇದನ್ನು ಬರ್ಕೊಳ್ಳಿ. ಬಂಧನದಲ್ಲಿರೋ ಯಾರಿಗಾದರೂ ಉಚಿತ ವಕೀಲರು ಸಿಗಬೇಕು, ಇದು 1987ರ ಕಾನೂನು, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ. ಫೋನ್ ನಂಬರ್ 15100. ಅವರು ಹೊರಗೆ ತೋರಿಸುತ್ತಿದ್ದ ಡಾಕ್ಟರ ಚೀಟಿಯ ಜೆರಾಕ್ಸ್ ವಕೀಲರ ಕೈಗೆ ಕೊಡಿ, ಮೊದಲ ರಿಮಾಂಡ್ ದಿನವೇ ಜಡ್ಜ್ ಮುಂದೆ ಇಡೋಕೆ ಹೇಳಿ. ಚಿಕಿತ್ಸೆ ಮುಂದುವರಿಸಿ ಅಂತ ಜೈಲಿಗೆ ನಿರ್ದೇಶನ ಕೊಡೋಕೆ ಕೇಳಬಹುದು. ಬನಶಂಕರಿ ಬಂತು, ಇಳೀಬೇಕು. ಮುಂದಿನ ವಾರ ಸಿಗೋಣ.