ಮಾನಸಿಕ ಚಿಕಿತ್ಸೆಯ ವಿವರ: ಯಾರಿಗೆ ತಿಳಿಸಬಹುದು, ಯಾರಿಗೆ ಬಾರದು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಬಿಡಾರಗಳು ನಮ್ಮ ಧರ್ಮಕೇಂದ್ರಗಳ ಆಸುಪಾಸಿನಲ್ಲೂ ಇವೆ. ಅವರಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಮೇಸ್ತ್ರಿ, ನೆರೆಬಿಡಾರದವರು, ಕೆಲವೊಮ್ಮೆ ನಮ್ಮ ಧರ್ಮಭಗಿನಿಯರು. ಮನೆಯವರು ದೂರದ ಊರಿನಲ್ಲಿರುತ್ತಾರೆ. ವೈದ್ಯರ ಕೋಣೆಯಿಂದ ಹೊರಬಂದೊಡನೆ ಎಲ್ಲರೂ ಕೇಳುವುದು ಒಂದೇ: "ಏನಾಗಿದೆಯಂತೆ?" ಇದಕ್ಕೆ ಉತ್ತರ ಪಡೆಯುವ ಹಕ್ಕು ಯಾರಿಗಿದೆ?

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ರೋಗಿಯ ಕಾಯಿಲೆ, ಚಿಕಿತ್ಸೆಗಳ ವಿವರ ಗೋಪ್ಯ. ಚಿಕಿತ್ಸಕರು ಅದನ್ನು ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಆರೈಕೆಗಾಗಿ ಇತರ ವೈದ್ಯರಿಗೆ ಮತ್ತು ಆರೋಗ್ಯ ಸಿಬ್ಬಂದಿಗೆ ತಿಳಿಸಬಹುದು. ಜೀವಕ್ಕೆ ಅಪಾಯವಿದ್ದರೆ, ಬೇರೊಬ್ಬರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯದಂಥ ಅಧಿಕಾರಸ್ಥರ ಆದೇಶವಿದ್ದರೆ, ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ ವಿನಾಯಿತಿ ಉಂಟು. ಇನ್ನೊಬ್ಬರ ರಕ್ಷಣೆಗಾಗಿ ಹೇಳುವಾಗಲೂ ಅದಕ್ಕೆ ಅಗತ್ಯವಾದಷ್ಟನ್ನು ಮಾತ್ರ ಹೇಳಬೇಕು. (ಪಾಪನಿವೇದನೆಯ ಗುಟ್ಟಿಗೆ ಇಂಥ ಯಾವ ವಿನಾಯಿತಿಯೂ ಇಲ್ಲ, ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ.) ಈ ಪಟ್ಟಿಯಲ್ಲಿ ಮೇಸ್ತ್ರಿ ಇಲ್ಲ, ವಾಳೆಯ ಗುರಿಕಾರರಿಲ್ಲ, ಧರ್ಮಗುರುಗಳಾದ ನಾವೂ ಇಲ್ಲ. ರಿಕ್ಷಾದ ಬಾಡಿಗೆ ಕೊಟ್ಟವರಿಗೆ ಹಕ್ಕು ಹುಟ್ಟುವುದಿಲ್ಲ.

ಹೆಚ್ಚಿನವರು ಅರಿಯದ ಸೌಲಭ್ಯವೆಂದರೆ ಈ ಪ್ರತಿನಿಧಿಯ ನೇಮಕ. 14ನೇ ಕಲಂ ಪ್ರಕಾರ 18 ವರ್ಷ ದಾಟಿದ ಯಾರನ್ನಾದರೂ ಅವರ ಲಿಖಿತ ಒಪ್ಪಿಗೆ ಪಡೆದು ಹೆಸರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ರೋಗಿ ಸಹಿ ಮಾಡಿದರೆ ಸಾಕು, ಹೆಬ್ಬೆಟ್ಟೂ ನಡೆಯುತ್ತದೆ. ಮುಂದೆ ಬದಲಾಯಿಸಲೂಬಹುದು. ಯಾರನ್ನೂ ಹೆಸರಿಸದಿದ್ದರೆ ಆ ಸ್ಥಾನ ಸಂಬಂಧಿಕರಿಗೆ, ಅವರಿಲ್ಲವಾದರೆ ಜೊತೆಗಿದ್ದು ಆರೈಕೆ ಮಾಡುವವರಿಗೆ ಹೋಗುತ್ತದೆ. ಹೆಂಡತಿ ಇಂಡಿಯಲ್ಲಿ, ತಮ್ಮ ಇಲ್ಲಿಯ ಬಿಡಾರದಲ್ಲಿ ಇರುವಾಗ ವೈದ್ಯರು ಯಾರೊಡನೆ ಮಾತಾಡಬೇಕು? ರೋಗಿ ನೆಮ್ಮದಿಯಿಂದಿರುವಾಗಲೇ ಇದನ್ನು ಬರೆಸಿಡುವುದು ಲೇಸು.

ಊರಿನಿಂದ ಫೋನು ಮಾಡುವ ತಾಯಿಗೆ "ಹೇಳುವಂತಿಲ್ಲ" ಎಂಬ ಉತ್ತರ ಸಿಕ್ಕರೆ ಆಕೆ ಅಲ್ಲಿಗೇ ಫೋನು ಇಡಬೇಕಿಲ್ಲ. ವೈದ್ಯರು ಹೇಳದಿರಬಹುದು, ಆಕೆ ಹೇಳುವುದನ್ನು ಕೇಳಿಸಿಕೊಳ್ಳಲು ಗೋಪ್ಯತೆ ಅಡ್ಡಿಯಲ್ಲ. ಎಷ್ಟು ದಿನದಿಂದ ನಿದ್ದೆಯಿಲ್ಲ, ಮಾತ್ರೆ ಯಾವಾಗ ನಿಲ್ಲಿಸಿದ, ಸಾಯುವ ಮಾತಾಡಿದನೇ, ಮನೆಯಲ್ಲಿ ಬೆಳೆಗೆ ಹೊಡೆಯುವ ವಿಷವಿದೆಯೇ: ಇಷ್ಟು ತಿಳಿಸಿದರೆ ವೈದ್ಯರಿಗೆ ಬಹಳ ಉಪಕಾರ.

ಬಿತ್ತನೆಗೋ ಜಾತ್ರೆಗೋ ಊರಿಗೆ ಹೋದವರ ಮಾತ್ರೆ ಅಲ್ಲಿ ಮುಗಿದುಹೋಗುತ್ತದೆ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು 25ನೇ ಕಲಂ ಪ್ರಕಾರ ರೋಗಿಯ ಹಕ್ಕು. ಗಂಭೀರ ಹಾನಿಯ ಭಯವಿದ್ದರೆ ವೈದ್ಯರು ಕೆಲವು ಭಾಗವನ್ನು ತಡೆಹಿಡಿಯಬಹುದು. ಆಗ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದೆಂದು ಅವರೇ ತಿಳಿಸಬೇಕು. ದಾಖಲೆಯ ಪ್ರತಿ ಕೈಯಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸುವುದು ಸುಲಭ. ಆ ಚೀಟಿಯ ಚಿತ್ರವನ್ನು ಕೆಲಸಗಾರರ ವಾಟ್ಸಾಪ್ ಗುಂಪಿಗೆ ಹಾಕುವುದು ಮಾತ್ರ ಬೇಡ.

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ದೊರೆಯುವಂತೆ ಮಾಡಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಚಿಕಿತ್ಸೆ ಮನೆಯ ಹತ್ತಿರ ಬಂದದ್ದು ದೊಡ್ಡ ಲಾಭ. ಆದರೆ ಔಷಧ ಕೊಡುವವರೂ ಸಾಲಿನಲ್ಲಿ ನಿಂತವರೂ ಪರಿಚಯದವರೇ ಆದಾಗ ಗುಟ್ಟು ಉಳಿಯುವುದು ಕಷ್ಟ. ಆಸ್ಪತ್ರೆ ಬಿಟ್ಟು ಊರಿನ ಮಂತ್ರವಾದಿಯ ಬಳಿ ಹೋಗುವವರಲ್ಲಿ ಕೆಲವರಿಗಾದರೂ ಈ ಭಯವಿರಬೇಕೆಂದು ನಮ್ಮ ಅನಿಸಿಕೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ "ಮಾನಸಿಕ ರೋಗದಿಂದ ಬಳಲುವ ಇಂಥವರಿಗಾಗಿ" ಎಂದು ಹೆಸರು ಓದಿದ್ದನ್ನು ನಾವೇ ಕೇಳಿದ್ದೇವೆ. 23ನೇ ಕಲಂ ಕಟ್ಟುವುದು ಚಿಕಿತ್ಸಕರನ್ನು, ಪ್ರಾರ್ಥನೆ ಓದುವವರನ್ನಲ್ಲ. ಆದರೂ ಸುದ್ದಿ ಸೈಟಿಗೆ ತಲುಪಿದರೆ ಕೂಲಿಯವನ ಕೆಲಸ ಹೋಗಬಹುದು, ತಂಗಿಯ ಮದುವೆ ಮಾತು ಮುರಿಯಬಹುದು. ರೋಗಿಯನ್ನೇ ಕೇಳಿ, ಒಪ್ಪದಿದ್ದರೆ "ಕಾಯಿಲೆಯವರಿಗಾಗಿ" ಎಂದಷ್ಟೇ ಓದಿ.

ಹೆಸರು ಹೇಳಲು ಹಿಂಜರಿಯುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿ ಮಾತಾಡಬಹುದು.