ಇತೊಕಾವಾ ಕಣಗಳ ಮೂಲ: ಸಾಕ್ಷ್ಯಗಳ ಮರುಪರಿಶೀಲನೆ

ಜಪಾನಿನ ಹಯಾಬುಸಾ ನೌಕೆ ತಂದ ಧೂಳು ಇತೊಕಾವಾ ಕ್ಷುದ್ರಗ್ರಹದ್ದೇ ಎಂಬುದು 2010ರ ನವೆಂಬರ್ 16ರಂದು, ಆ ದೇಶದ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದ ಪ್ರಕಟಣೆಯೊಂದಿಗೆ ಸಾಬೀತಾಯಿತೆಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಇದನ್ನು ಒಪ್ಪಲಾಗದು. 2005ರಲ್ಲಿ ನೌಕೆ ನೆಲ ಮುಟ್ಟಿದಾಗ ಕಲ್ಲನ್ನು ಒಡೆದು ಚಿಮ್ಮಿಸಬೇಕಿದ್ದ ಗುಂಡು ಹಾರಿರಲೇ ಇಲ್ಲ. ನೌಕೆಯ ಮಾದರಿ ಸಂಗ್ರಹ ಕೋಶದಲ್ಲಿ ಸಿಕ್ಕ ಸುಮಾರು 1500 ಕಣಗಳಲ್ಲಿ ಹೆಚ್ಚಿನವು 10 ಮೈಕ್ರಾನಿಗಿಂತ ಚಿಕ್ಕವು. ಹೀಗಾಗಿ ಅವು ಭೂಮಿಯ ಧೂಳಿರಬಹುದೇ ಎಂಬ ಶಂಕೆ ಸಹಜವಾಗಿತ್ತು.

ಅಂದಿನ ಆಧಾರ ಮುಖ್ಯವಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಖನಿಜ ವಿಶ್ಲೇಷಣೆ. ಆಲಿವಿನ್, ಪೈರಾಕ್ಸೀನ್‌ಗಳಲ್ಲಿನ ಕಬ್ಬಿಣದ ಪಾಲು ಎಲ್‌ಎಲ್ ಕೋಂಡ್ರೈಟ್ ಉಲ್ಕಾಶಿಲೆಗಳಿಗೆ ಹೊಂದಿತು. ಇದು ಬಲವಾದ ಸೂಚನೆಯೇ ಹೌದು. ಆದರೆ ಅಷ್ಟೇ ಕಬ್ಬಿಣವಿರುವ ಆಲಿವಿನ್ ಭೂಮಿಯ ಬಸಾಲ್ಟ್‌ಗಳಲ್ಲೂ ದೊರೆಯುತ್ತದೆ. (ಖನಿಜಗಳ ಒಟ್ಟು ಸಂಯೋಜನೆ ಭೂಮಿಯ ಶಿಲೆಗಳಿಗೆ ಹೊಂದುವುದಿಲ್ಲ ಎಂಬ ವಾದಕ್ಕೆ ತೂಕವಿದೆ, ಆದರೂ ಅದು ಸಂಭವನೀಯತೆಯ ವಾದವೇ.)

2011ರ ಆಗಸ್ಟ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹಿಸಯೋಶಿ ಯುರಿಮೊತೊ ತಂಡ ಕಣಗಳ ಆಮ್ಲಜನಕ ಐಸೊಟೋಪುಗಳ ಅಳತೆ ಪ್ರಕಟಿಸಿತು. ಭೂಮಿಯ ವಸ್ತುಗಳಿಗೆ ಹೋಲಿಸಿದರೆ ಅವುಗಳಲ್ಲಿ ಆಮ್ಲಜನಕ-16ರ ಪಾಲು ಕಡಿಮೆ. ಭೂಮೂಲದ ಶಂಕೆ ಇಲ್ಲಿಗೆ ಮುಗಿಯಿತು. ಬಹುತೇಕ ಲೇಖಕರು ಇಲ್ಲಿಯೇ ನಿಲ್ಲುತ್ತಾರೆ. ನನ್ನ ತಕರಾರು ಇರುವುದೂ ಇಲ್ಲಿಯೇ. ಈ ಅಳತೆಗಳು ಎಲ್ ಅಥವಾ ಎಲ್‌ಎಲ್ ಕೋಂಡ್ರೈಟ್ ಗುಂಪಿಗೆ ಹೊಂದುತ್ತವೆ. ಅಂಥ ಉಲ್ಕಾಶಿಲೆಯ ಪುಡಿ ಯಾವುದೋ ಪ್ರಯೋಗಾಲಯದಲ್ಲಿ ಬೆರೆತಿದ್ದರೂ ಇದೇ ಉತ್ತರ ಬರುತ್ತಿತ್ತು. ಕಣ ಯಾವ ಕುಲದ್ದೆಂದು ಆಮ್ಲಜನಕ ಹೇಳುತ್ತದೆ, ಯಾವ ನೆಲದಿಂದ ಬಂತೆಂದು ಹೇಳುವುದಿಲ್ಲ.

ಆ ಉತ್ತರ ಅದೇ ಸಂಚಿಕೆಯಲ್ಲಿದ್ದ ಕೆಯ್ಸುಕೆ ನಗಾವೊ ತಂಡದ ಪ್ರಬಂಧದಲ್ಲಿದೆ. ಅವರು ಪರೀಕ್ಷಿಸಿದ್ದು ಮೂರೇ ಕಣ. ಅವುಗಳಲ್ಲಿ ಸೌರಮಾರುತ ಹೊಗಿಸಿದ ಹೀಲಿಯಂ, ನಿಯಾನ್, ಆರ್ಗಾನ್ ಹೇರಳವಾಗಿದ್ದವು. ವಾಯುಮಂಡಲವಿಲ್ಲದ ನೆಲದ ಮೇಲೆ, ಸೂರ್ಯನಿಗೆ ಮೈಯೊಡ್ಡಿ ಬಿದ್ದಿದ್ದ ಕಣಕ್ಕೆ ಮಾತ್ರ ಇದು ಸಾಧ್ಯ. ಉಲ್ಕಾಶಿಲೆ ಭೂಮಿಗೆ ಇಳಿಯುವಾಗ ಅದರ ಹೊರಮೈ ಕರಗಿಹೋಗುತ್ತದೆ. ಸಾಮಾನ್ಯ ಉಲ್ಕಾಶಿಲೆಯ ಪುಡಿಯಲ್ಲಿ ಈ ಗುರುತು ಸಿಗದು.

ಕೆಲವು ಉಲ್ಕಾಶಿಲೆಗಳ ಒಳಗೂ ಸೌರ ಅನಿಲ ಇದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರಿಸಲೇಬೇಕು. ಅದು ಹಿಂದೆಂದೋ ಮಣ್ಣಾಗಿದ್ದು, ಬಳಿಕ ಕಲ್ಲಾಗಿ ಗಟ್ಟಿಗೊಂಡ ಪದರಗಳಲ್ಲಿ ಸಿಕ್ಕಿಬಿದ್ದ ಅನಿಲ. ಇತೊಕಾವಾದ ಕಣಗಳು ಬಿಡಿಬಿಡಿ. ವಿಶ್ವಕಿರಣಗಳಿಂದ ಹುಟ್ಟಿದ ನಿಯಾನ್ ಅವುಗಳಲ್ಲಿ ಅತ್ಯಲ್ಪ. ಇದರ ಆಧಾರದ ಮೇಲೆ, ಅವು ಮೇಲ್ಪದರದ ಮಣ್ಣಿನಲ್ಲಿದ್ದದ್ದು 80 ಲಕ್ಷ ವರ್ಷಕ್ಕಿಂತ ಕಡಿಮೆ ಎಂದು ನಗಾವೊ ತಂಡ ಲೆಕ್ಕಹಾಕಿತು. ತಕಾಆಕಿ ನೊಗುಚಿ ತಂಡ ಕಣಗಳ ಅಂಚಿನಲ್ಲಿ ಗುರುತಿಸಿದ ನ್ಯಾನೊ ಗಾತ್ರದ ಕಬ್ಬಿಣದ ತುಣುಕುಗಳೂ ಬಯಲಿಗೆ ಒಡ್ಡಿಕೊಂಡ ಮೇಲ್ಮೈಯದೇ ಕಥೆ ಹೇಳುತ್ತವೆ.

ಮೂರು ಕಣಗಳಿಂದ 1500ಕ್ಕೂ ತೀರ್ಪು ಕೊಡಬಹುದೇ? ಅನಿಲವೊಂದನ್ನೇ ನೆಚ್ಚಿದರೆ ಕೂಡದು. ಖನಿಜ ಮತ್ತು ಆಮ್ಲಜನಕ ಒಂದೇ ಕುಲವನ್ನು ತೋರಿದ ಮೇಲೆ ಕೊಡಬಹುದು. ಅದಕ್ಕಾಗಿಯೇ ಈ ಪರಿಶೀಲನೆಯ ಚರಿತ್ರೆಯನ್ನು ಒಂದು ಪ್ರಕಟಣೆಯ ದಿನಕ್ಕೆ ಕಟ್ಟಿಹಾಕಬಾರದು. ಯುರಿಮೊತೊ ಭೂಮಿಯನ್ನು ತಳ್ಳಿಹಾಕಿದರು, ನಗಾವೊ ಮತ್ತು ನೊಗುಚಿ ಉಲ್ಕಾಶಿಲೆಯನ್ನು ತಳ್ಳಿಹಾಕಿದರು. ಈ ಎರಡನೆಯ ಹೆಜ್ಜೆಯನ್ನು ಬಿಟ್ಟ ಯಾವ ವಿವರಣೆಯೂ ಇತೊಕಾವಾದವರೆಗೆ ತಲುಪುವುದಿಲ್ಲ.